ತಿಳಿಯಾಗಿಯೇ ಇದ್ದ ಬಫರ್

ಶಿಷ್ಯೆ ನಿರುಪಮಾ ಕೇಳಿದಳು: “ಮೇಡಂ, ನಮ್ಮಣ್ಣನಿಗೂ ತಮ್ಮನಿಗೂ ಆಗಿಬರುವುದಿಲ್ಲ. ಇವನ ಸಿಟ್ಟು, ಅವನ ಸಿಟ್ಟು ಎರಡನ್ನೂ ನಾನೇ ಕೇಳಿಸಿಕೊಂಡು ನುಂಗುತ್ತೇನೆ. ಮನೆಯಲ್ಲಿ ಜಗಳವಿಲ್ಲ. ಆದರೂ ನನಗೇಕೆ ಇಷ್ಟು ಸಾಕಾಗಿದೆ?”

ಪ್ರಾಧ್ಯಾಪಕಿ ಕಮಲಾಕ್ಷಮ್ಮ ಹೇಳಿದರು:

ಒಬ್ಬ ತೋಟಗಾರನ ಹಳೆಯ ಹಲಸಿನ ಮರ ಗಾಳಿಗೆ ಬಿತ್ತು. ಅದರ ಕಸಿ ಸಸಿಯೊಂದು ಅವನಲ್ಲಿತ್ತು. ಆದರೆ ಬೇರೊಂದು ಸಸಿಯ ಜೊತೆ ಸೇರಿ, ಯಾವುದು ಯಾವುದೆಂದು ಗುರುತು ತಪ್ಪಿತ್ತು. ಬಿದ್ದ ಮರದ್ದೆಂದು ಉಳಿದದ್ದು ಒಂದೇ ಒಣ ಎಲೆ. ಅದನ್ನೂ ಎರಡು ಸಸಿಗಳ ಎಲೆಗಳನ್ನೂ ಒಬ್ಬ ಸಂಶೋಧಕಿಗೆ ತಂದುಕೊಟ್ಟ.

ಅವಳು ಎಲೆಗಳಿಂದ ಡಿಎನ್ಎ ತೆಗೆದು, ಜೆಲ್ ಎಂಬ ಮೆತ್ತನೆಯ ಪಾರದರ್ಶಕ ಹಾಳೆಯ ಗುಳಿಗಳಿಗೆ ಹಾಕಿದಳು. ಜೆಲ್ಲನ್ನು ಬಫರ್ ಎಂಬ ದ್ರಾವಣ ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಳು. ಡಿಎನ್ಎ ಸರಿದು ಗೆರೆಗೆರೆಯಾಗಿ ನಿಲ್ಲಬೇಕು. ವಿದ್ಯುತ್ ಹರಿದಂತೆ ತೊಟ್ಟಿಯ ಒಂದು ತುದಿಯಲ್ಲಿ ಆಮ್ಲ ಹುಟ್ಟುತ್ತದೆ, ಇನ್ನೊಂದರಲ್ಲಿ ಕ್ಷಾರ. ಎರಡನ್ನೂ ಬಫರ್ ನುಂಗಿಕೊಳ್ಳುತ್ತದೆ. ಸಂಶೋಧಕಿ ಅದೇ ಬಫರನ್ನು ಬಹಳ ದಿನಗಳಿಂದ ಬದಲಿಸದೆ, ಕಲಕದೆ ಬಳಸುತ್ತಿದ್ದಳು.

ಗೆರೆಗಳು ಮೂಡಲಿಲ್ಲ, ಮಸಿ ಒರೆಸಿದಂತೆ ಕಲೆ ಬಂತು. ಹಳೆಯ ಮರದ ಡಿಎನ್ಎ ಇನ್ನೊಂದೇ ಪ್ರಯೋಗಕ್ಕಾಗುವಷ್ಟು ಉಳಿದಿತ್ತು.

“ನಿಮ್ಮ ಎಲೆಯೇ ಕೆಟ್ಟಿದೆ” ಎಂದಳು.

“ಒಣಗಿದೆ ಕಣಮ್ಮಾ, ಕೆಟ್ಟಿಲ್ಲ” ಎಂದ ತೋಟಗಾರ.

ಪಕ್ಕದ ಮೇಜಿನ ಗೆಳತಿ ನಕ್ಕಳು. “ಅವರ ಎಲೆಗೆ ಬೈಯೋ ಮೊದಲು ನಿನ್ನ ಬಫರನ್ನ ವಿಚಾರಿಸೇ.”

“ಅದಕ್ಕೇನಾಗಿದೆ? ಎಷ್ಟು ತಿಳಿಯಾಗಿದೆ ನೋಡು!”

“ತಿಳಿ ಇರೋದು ಕಣ್ಣಿಗೆ. ಎರಡು ತುದೀಲೂ ಕಾಗದ ಅದ್ದು.”

ಸಂಶೋಧಕಿ ಪಿಎಚ್ ಕಾಗದ ಅದ್ದಿದಳು. ಒಂದು ತುದಿಯಲ್ಲಿ ಅದು ಕೆಂಪಾಯಿತು, ಇನ್ನೊಂದರಲ್ಲಿ ನೀಲಿಯಾಯಿತು. ನುಂಗುವ ಶಕ್ತಿ ತೀರಿದ್ದರೂ ಬಫರ್ ಮಾತ್ರ ಹಾಗೆಯೇ ತಿಳಿಯಾಗಿತ್ತು.

ಅವಳು ಅದನ್ನು ಚೆಲ್ಲಿ, ಹೊಸ ಬಫರ್ ಹಾಕಿ, ಉಳಿದ ಡಿಎನ್ಎ ಹರಿಸಿದಳು. ಗೆರೆಗಳು ಸ್ಪಷ್ಟವಾಗಿ ನಿಂತವು. ಒಂದು ಸಸಿ ಹಳೆಯ ಮರಕ್ಕೆ ಗೆರೆಗೆ ಗೆರೆ ಹೊಂದಿತು. ತೋಟಗಾರ ಅದನ್ನು ಮಗುವಿನಂತೆ ಎತ್ತಿಕೊಂಡು ಹೋದ.

ಅಂದಿನಿಂದ ಅವಳು ಪ್ರತಿ ಪ್ರಯೋಗ ಮುಗಿದ ಮೇಲೆ ಎರಡೂ ತುದಿಗಳ ದ್ರಾವಣವನ್ನು ಒಂದೇ ಪಾತ್ರೆಗೆ ಸುರಿದು ಕಲಕುತ್ತಿದ್ದಳು. ಆ ತುದಿಯ ಆಮ್ಲವೂ ಈ ತುದಿಯ ಕ್ಷಾರವೂ ತಾವೇ ಕೂಡಿ ಶಮನವಾಗುತ್ತಿದ್ದವು. ಬಫರಿಗೆ ನುಂಗಲು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ನಿರುಪಮಾಳ ಮುಖ ಅರಳಿತು. “ಹಾಗಾದರೆ ನಾನೂ ಸ್ವಲ್ಪ ದಿನ ಎಲ್ಲಾದರೂ ಹೋಗಿ ಹೊಸಬಳಾಗಿ ಬರಲೇ, ಮೇಡಂ?”

“ಹೋಗಿ ಬಾ; ಆದರೆ ನಿನ್ನಣ್ಣನೂ ತಮ್ಮನೂ ನೀನು ನಡುವೆ ಇಲ್ಲದೆ ಮಾತಾಡಿ ಎಷ್ಟು ಕಾಲವಾಯಿತು, ಹೇಳು?”