ಎಡಗೈ ರೈಫಲಿನ ಬೆಲೆ

ಹೊಳೆಯ ದಂಡೆಯಲ್ಲಿ ವೀರಾಚಾರಿಗಳ ಕೋವಿ ರಿಪೇರಿಯ ಶೆಡ್ ಇತ್ತು. ಆಶ್ರಮ ಅನ್ನುವಂಥದ್ದೇನೂ ಅಲ್ಲ. ಆಚಾರಿಗಳದು ಕಾವಿಯೂ ಅಲ್ಲ, ಗ್ರೀಸ್ ಮೆತ್ತಿದ ಪಂಚೆ. ಆದರೂ ಅಲ್ಲಿ ಕೆಲಸ ಕಲಿತವರೆಲ್ಲ ಅವರನ್ನು ಗುರುಗಳೇ ಎಂದೇ ಕರೆಯುತ್ತಿದ್ದರು.

ಆ ಸೀಮೆಯಲ್ಲಿ ಮನೆಗೊಂದು ಕೋವಿ. ಹಳೆಯ ಕೋವಿ ಮಾರುವವರು ಮೊದಲು ಈ ಶೆಡ್ಡಿಗೆ ಬಂದು ಬೆಲೆ ಕಟ್ಟಿಸುವುದು ರೂಢಿ.

ಶೆಡ್ಡಿಗೂ ಒಂದು ಪದ್ಧತಿಯಿತ್ತು. ಬೆಲೆ ಹೇಳುವವನು ಮಾರುವವರ ಕಣ್ಣೆದುರೇ ಮೂರು ಗುಂಡು ಹೊಡೆದು ನೋಡಬೇಕು. ಬೆಲೆ ಹೇಳಿದ ಮೇಲೆ ಕೋವಿ ಸಂಜೆಯವರೆಗೆ ಬಾಗಿಲ ಪಕ್ಕದ ಗೂಟದಲ್ಲಿ ತೂಗಬೇಕು. ಅಷ್ಟರೊಳಗೆ ಯಾರು ಬಂದು ಕೇಳಿದರೂ ಅದೇ ಬೆಲೆ. ಸಂಜೆ ವ್ಯಾಪಾರ.

ಮೋನಪ್ಪ ಅಲ್ಲಿ ಏಳು ವರ್ಷದಿಂದ ಕಲಿಯುತ್ತಿದ್ದ. ಮೂವತ್ತು ದಾಟಿದ ಗಂಡಸು, ಹುಟ್ಟಾ ಎಡಚ. ಬರೆಯುವ ಕೈಯನ್ನು ಶಾಲೆಯ ಮೇಷ್ಟ್ರು ಬೆತ್ತದಿಂದ ಬಲಕ್ಕೆ ತಿರುಗಿಸಿದ್ದರು. ಕೈಗೆ ಸಿಕ್ಕಿದ ಕೋವಿಗಳೆಲ್ಲ ಬಲಗೈಯವರಿಗೆಂದೇ ಮಾಡಿದವು, ಹಾಗಾಗಿ ಹೊಡೆಯುವುದನ್ನೂ ಬಲಭುಜದಿಂದಲೇ ಕಲಿತಿದ್ದ. ಸುಮಾರಾಗಿ ಹೊಡೆಯುತ್ತಿದ್ದ. ಯಾರಾದರೂ ಹೊಗಳಿದರೆ, ಇವರು ಸುಮ್ಮನೆ ಹೇಳುತ್ತಾರೆ ಅಂತ ಅವನಿಗೇ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ದೇಚಮ್ಮ ಎಂಬ ಹೆಂಗಸು ಜೀಪಿನಿಂದ ಇಳಿದರು. ಅರವತ್ತರ ಮೇಲೆ ವಯಸ್ಸು. ಬಲಗೈಯಲ್ಲಿ ಒಂದು ಉದ್ದನೆಯ ಚೀಲ. ಎಡಗೈ ಹೊಟ್ಟೆಗೆ ಒತ್ತಿಕೊಂಡಿತ್ತು.

ಮೋನಪ್ಪ ಚೀಲ ಬಿಚ್ಚಿ ನೋಡಿದ. ರೈಫಲ್. ತೋಟಾ ಏರಿಸುವ ಬೋಲ್ಟಿನ ಹಿಡಿ ಎಡಗಡೆಗಿತ್ತು, ಎಡಗೈಯವರಿಗೆಂದೇ ಮಾಡಿದ್ದು.

"ಯಜಮಾನರದ್ದಾ ಅಮ್ಮ?"

"ನನ್ನದೇ. ನಮ್ಮ ಯಜಮಾನರು ಪಟಾಕಿಗೇ ಕಿವಿ ಮುಚ್ಚುವವರು." ದೇಚಮ್ಮ ಬೆಂಚಿನ ಮೇಲೆ ಕೂತರು. "ಇಪ್ಪತ್ತೆರಡು ವರ್ಷ ಹೊಡೆದಿದ್ದೇನೆ. ಹಬ್ಬದ ದಿನ ಗುರಿ ಹೊಡೆಯಲು ಮರಕ್ಕೆ ತೆಂಗಿನಕಾಯಿ ಕಟ್ಟಿದರೆ, ನನ್ನ ಸರದಿ ಬರುವ ಮೊದಲೇ ತಾವು ಹೊಡೆದುಬಿಡಬೇಕೆಂದು ಗಂಡಸರು ಅವಸರ ಮಾಡುತ್ತಿದ್ದರು. ಈಗ ಈ ಭುಜ ಮೇಲೇಳುವುದಿಲ್ಲ. ಆಪರೇಷನ್ ಮಾಡಿಸಬೇಕಂತೆ. ಅದಕ್ಕೆ ಇದನ್ನು ಕೊಟ್ಟುಬಿಡುವ ಅಂತ."

"ಯಾರಾದರೂ ಕೇಳಿದ್ದಾರಾ?" ಎಂದರು ಆಚಾರಿಗಳು.

"ಪೇಟೆಯ ಉತ್ತಯ್ಯ ನಲವತ್ತು ಸಾವಿರಕ್ಕೆ ಕೇಳಿದ. ಎಡಗೈ ಮಾಲು, ಇದನ್ನು ಯಾರು ಮೂಸುತ್ತಾರೆ ಅಂದ. ಹೌದಾ ಆಚಾರ್ರೇ? ನೀವು ಹೇಳಿದ ಬೆಲೆಗೆ ಕೊಡುತ್ತೇನೆ."

ಆಚಾರಿಗಳು ಕನ್ನಡಕ ಮೇಲೇರಿಸಿ ಮೋನಪ್ಪನನ್ನು ನೋಡಿದರು. "ಇದಕ್ಕೆ ಇವನು ಬೆಲೆ ಹೇಳುತ್ತಾನೆ. ನಾಳೆ ಬೆಳಿಗ್ಗೆ ಬನ್ನಿ."

ಏಳು ವರ್ಷದಲ್ಲಿ ಮೊದಲ ಸಲ. ಮೋನಪ್ಪನಿಗೆ ಇದನ್ನು ನಾಲ್ಕು ಜನ ನೋಡಬೇಕಿತ್ತು ಅನ್ನಿಸಿತು.

ಊಟವಾಗಿ ಆಚಾರಿಗಳು ಹೊರಗೆ ಜಗಲಿಯಲ್ಲಿ ಅಡ್ಡಾದರು. ಮೋನಪ್ಪ ಶೆಡ್ಡಿನೊಳಗೆ ಕೂತು ರೈಫಲಿನ ಪರೀಕ್ಷೆ ಶುರುಮಾಡಿದ.

ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದ. ಒಂದು ಚುಕ್ಕೆ ತುಕ್ಕಿಲ್ಲ. ಬೋಲ್ಟ್ ಎಳೆದ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಭುಜಕ್ಕೊತ್ತುವ ಮರದ ಬುಡದಲ್ಲಿ ಒಂದು ಹಳೆಯ ಬಿರುಕಿತ್ತು, ಯಾರೋ ಗಟ್ಟಿಯಾಗಿ ಬೆಸೆದಿದ್ದರು. ಅಷ್ಟೇ ದೋಷ.

ಆಮೇಲೆ ಅದನ್ನು ಎಡಭುಜಕ್ಕೆ ಇಟ್ಟುಕೊಂಡ.

ರೈಫಲ್ ತಾನಾಗಿಯೇ ಬಂದು ಕೂತಿತು. ಕೆನ್ನೆ ತನ್ನ ಜಾಗ ಕಂಡುಕೊಂಡಿತು. ಬೆರಳು ಗುಂಡು ಹಾರಿಸುವ ಕುದುರೆಯ ಮೇಲೆ ತಡಕಾಡಲಿಲ್ಲ. ಕಿಟಕಿಯಾಚೆ ಹೊಳೆಯ ನಡುವಿನ ಬಂಡೆ, ಅದರ ಮೇಲೊಂದು ನೀರುಕಾಗೆ, ಅದರ ಕಣ್ಣು ಕೂಡ ಕಂಡಂತಾಯಿತು. ಇಷ್ಟು ವರ್ಷ ತನಗೆ ಗುರಿ ಬರುವುದಿಲ್ಲ ಎಂದುಕೊಂಡಿದ್ದನಲ್ಲ, ಪಾಪ, ಭುಜವೇ ಬೇರೆಯದಾಗಿತ್ತು.

ಸಂತೋಷ ಬಂದು ಐದು ನಿಮಿಷವಾಗಿರಲಿಲ್ಲ, ಆಸೆಯೂ ಬಂತು.

ಲೈಸೆನ್ಸ್ ಅವನ ಹತ್ತಿರವಿತ್ತು. ಇಂಥದೇ ಬಲಗೈ ರೈಫಲ್ ಲಕ್ಷದ ಹತ್ತಿರ ಹೋಗುತ್ತದೆ ಎಂಬುದೂ ಗೊತ್ತಿತ್ತು. ಅವನು ಕೂಡಿಟ್ಟದ್ದು ಐವತ್ತೆರಡು ಸಾವಿರ. ಎಡಗೈಯವರು ಊರಿಗೆ ಎಷ್ಟು ಜನ? ಅವರಲ್ಲಿ ರೈಫಲ್ ಕೊಳ್ಳುವವರು ಎಷ್ಟು ಜನ? ಹೀಗೆ ಕಳೆಯುತ್ತ ಕಳೆಯುತ್ತ ಹೋದ. ಲೆಕ್ಕ ಸರಿಯಾಗಿ ಐವತ್ತಕ್ಕೆ ಬಂದು ನಿಂತಿತು. ಅದು ಅಲ್ಲೇ ಯಾಕೆ ನಿಂತಿತು ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆಯ ಆಚೆ ಮಣ್ಣಿನ ದಿಬ್ಬದ ಮುಂದೆ ತೆಂಗಿನಕಾಯಿ ಕಟ್ಟಿದರು. ದೇಚಮ್ಮ ಕಲ್ಲಿನ ಮೇಲೆ ಕೂತರು. ಆಚಾರಿಗಳು ನಿಂತರು.

ಮೋನಪ್ಪ ರೈಫಲನ್ನು ಬಲಭುಜಕ್ಕೆ ಇಟ್ಟುಕೊಂಡ.

ಮೊದಲ ಗುಂಡು ದಿಬ್ಬಕ್ಕೆ ಹೋಯಿತು. ಬೋಲ್ಟ್ ಎಳೆಯಲು ರೈಫಲನ್ನು ಭುಜದಿಂದ ಇಳಿಸಬೇಕಾಯಿತು. ಎರಡನೆಯದೂ ದಿಬ್ಬಕ್ಕೆ. ಈ ಸಲ ಇಳಿಸದೆಯೇ ಹೇಗೋ ಎಳೆದ, ಖಾಲಿ ತೋಟಾ ಹಾರಿ ಅವನ ಕೆನ್ನೆಗೇ ಬಡಿಯಿತು. ಮೂರನೆಯದು ಎಲ್ಲಿಗೆ ಹೋಯಿತೋ ಅದಕ್ಕೇ ಗೊತ್ತು.

"ನೋಡಿದಿರಲ್ಲ ಅಮ್ಮ" ಎಂದ ಕೆನ್ನೆ ಉಜ್ಜಿಕೊಳ್ಳುತ್ತ. "ಮಾಲು ಒಳ್ಳೆಯದೇ. ಆದರೆ ಕೊಂಡವನ ಪಾಡು ಹೀಗಾಗುತ್ತದೆ. ಐವತ್ತು ಸಾವಿರ ಹೇಳಬಹುದು. ಬೇರೆ ಯಾರೂ ಬರದಿದ್ದರೆ ಸಂಜೆ ನಾನೇ ಇಟ್ಟುಕೊಳ್ಳುತ್ತೇನೆ."

ದೇಚಮ್ಮ ತೆಂಗಿನಕಾಯಿಯ ಕಡೆ ನೋಡಿದರು.

"ನನ್ನ ಕೈಯಲ್ಲಿ ಹೀಗೆ ಮಾಡುತ್ತಿರಲಿಲ್ಲ ಮಾರಾಯ" ಎಂದರು ಸಣ್ಣ ದನಿಯಲ್ಲಿ, ಮಗು ಶಾಲೆಯಲ್ಲಿ ಫೇಲಾಗಿದೆ ಎಂದು ಕೇಳಿದ ತಾಯಿಯಂತೆ. "ಆಗಲಿ. ಉತ್ತಯ್ಯನಿಗಿಂತ ಹತ್ತು ಜಾಸ್ತಿಯೇ ಆಯಿತಲ್ಲ. ಸಂಜೆ ಬರುತ್ತೇನೆ."

ಆಚಾರಿಗಳು ಮುಂದೆ ಬಂದರು. ರೈಫಲನ್ನು ತೆಗೆದುಕೊಂಡು ಹೋಗಿ ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದರು.

ಅಲ್ಲಿಂದ ಮೋನಪ್ಪನಿಗೆ ಕೆಲಸ ಓಡಲಿಲ್ಲ. ರಸ್ತೆಯಲ್ಲಿ ಜೀಪಿನ ಸದ್ದಾದರೆ ಎದ್ದು ಬಾಗಿಲಿಗೆ ಬಂದು ನೋಡುತ್ತಿದ್ದ. ಹತ್ತು ಗಂಟೆಗೆ ಒಬ್ಬ ಬಂದ, ಸ್ಪ್ರಿಂಗ್ ಕೇಳಿ ಹೋದ. ಹನ್ನೊಂದಕ್ಕೆ ಇನ್ನೊಬ್ಬ ಬಂದು ರೈಫಲ್ ಮುಟ್ಟಿದ. ಬೋಲ್ಟ್ ಎಡಕ್ಕಿದೆ ಎಂದು ಕಂಡು ನಕ್ಕು ಕೈಬಿಟ್ಟ. ಮೋನಪ್ಪ ಅವನಿಗೆ ಚಹಾ ಕೊಡಿಸಿದ.

ಆಚಾರಿಗಳು ಹಲಗೆಯ ಗೋಡೆಯ ಹಿಂದೆ ಊಟಕ್ಕೆ ಕೂತಿದ್ದಾಗ ಉತ್ತಯ್ಯ ಬಂದ. ದೇಚಮ್ಮನಿಗೆ ನಲವತ್ತು ಹೇಳಿದ್ದವನು ಅವನೇ. ಅವನು ಚೆಕ್ ಪುಸ್ತಕ ತೆಗೆದದ್ದು ಎಡಗೈಯಲ್ಲಿ.

"ಎಷ್ಟಕ್ಕೆ ಕಟ್ಟಿದಿರಿ?" ಎಂದು ಕೇಳಿದ ಉತ್ತಯ್ಯ.

ಐವತ್ತು ಎನ್ನಬೇಕಿತ್ತು. ಮೋನಪ್ಪನ ನಾಲಿಗೆಯ ತುದಿಗೆ ಅದು ಬಂದಿತ್ತು ಕೂಡ. ಹೇಳಿದರೆ ಮುಗಿಯಿತು, ರೈಫಲ್ ಜೀಪು ಹತ್ತಿ ಹೋಗುತ್ತದೆ.

"ತೊಂಬತ್ತು" ಎಂದ. ಇವನು ಓಡಲಿ ಎಂದು.

ಉತ್ತಯ್ಯ ಓಡಲಿಲ್ಲ. ರೈಫಲನ್ನು ಗೂಟದಿಂದ ಇಳಿಸಿ ಎಡಭುಜಕ್ಕೆ ಇಟ್ಟು, ಎರಡು ಸಲ ಬೋಲ್ಟ್ ಎಳೆದು, ನಳಿಗೆಯೊಳಗೆ ಕಣ್ಣಿಟ್ಟು ನೋಡಿದ.

"ಎಂಬತ್ತೈದು. ಇದೇ ಕೊನೆ. ನಾಳೆ ಬೆಳಿಗ್ಗೆ ಕಾಗದಪತ್ರ ತರುತ್ತೇನೆ. ಅಮ್ಮನಿಗೆ ಹೇಳಿಡಿ."

ಜೀಪು ಹೋಯಿತು. ಆಚಾರಿಗಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಬೆಳಿಗ್ಗೆ ಐವತ್ತಿತ್ತು" ಎಂದರು. "ನಾನು ಅನ್ನ ತಿನ್ನುವಷ್ಟರಲ್ಲಿ ರೈಫಲ್ ಏನು ತಿಂದಿತು?"

ಮೋನಪ್ಪ ತಲೆ ಎತ್ತಲಿಲ್ಲ. "ಎಡಗೈ ರೈಫಲಿಗೆ ಬೆಲೆ ಕಡಿಮೆಯಲ್ಲವೇ ಗುರುಗಳೇ?"

"ಕೊಳ್ಳುವವರು ಕಡಿಮೆ. ಮಾರುವವರೂ ಅಷ್ಟೇ ಕಡಿಮೆ. ಅದೊಂದನ್ನು ನೀನು ಲೆಕ್ಕಕ್ಕೆ ಹಿಡಿಯಲಿಲ್ಲ."

"ನನಗೆ ಅದು ಬೇಕು ಗುರುಗಳೇ."

"ಗೊತ್ತು. ನಿನ್ನೆ ಕಿಟಕಿ ತೆರೆದಿತ್ತು."

ಮೋನಪ್ಪನ ಮುಖ ಕೆಂಪಾಯಿತು. "ನೋಡಿದಿರಾ? ಹಾಗಿದ್ದರೆ ಬೆಳಿಗ್ಗೆ ಅವರ ಮುಂದೆ ಯಾಕೆ ಹೇಳಲಿಲ್ಲ?"

"ಬೆಲೆ ಹೇಳುವವನು ನೀನು ಅಂತ ಅವರಿಗೆ ಹೇಳಿಯಾಗಿತ್ತು."

ಹೊಳೆಯಲ್ಲಿ ಯಾರೋ ಎಮ್ಮೆ ಇಳಿಸುತ್ತಿದ್ದರು.

"ಬೆಲೆ ಹೇಳುವವನಿಗೆ ಆಸೆ ಇರಬಾರದಲ್ಲವೇ?" ಎಂದ ಮೋನಪ್ಪ.

"ಇರಲಿ ಬಿಡು. ಆಸೆ ಇಲ್ಲದವನಿಗೆ ಬೆಲೆ ಹೇಗೆ ತಿಳಿಯಬೇಕು? ತನ್ನ ಭುಜ ಯಾವುದು ಅಂತ ಮೊದಲು ಹೇಳಿದರೆ ಸಾಕು."

ಸಂಜೆ ದೇಚಮ್ಮ ಬಂದರು. ಅವರು ಕೂರುವ ಮೊದಲೇ ಮೋನಪ್ಪ ಶುರುಮಾಡಿದ, ಕೂತರೆ ಧೈರ್ಯ ಸಾಲುವುದಿಲ್ಲ ಎಂದು.

"ಅಮ್ಮ, ನಾನು ಎಡಚ. ಬೆಳಿಗ್ಗೆ ಬೇಕೆಂದೇ ಬಲಭುಜಕ್ಕಿಟ್ಟು ಹೊಡೆದೆ. ರೈಫಲ್ ಕಡಿಮೆಗೆ ನನಗೇ ಸಿಗಲಿ ಅಂತ. ಅದರ ಬೆಲೆ ಎಂಬತ್ತೈದು. ಉತ್ತಯ್ಯನೇ ಬಂದು ಅಷ್ಟಕ್ಕೆ ಒಪ್ಪಿ ಹೋಗಿದ್ದಾನೆ. ನಾಳೆ ಬರುತ್ತಾನೆ."

ದೇಚಮ್ಮನ ಮುಖ ಬಿಗಿಯಿತು.

"ಎಂತ ಮನುಷ್ಯನೋ ನೀನು!" ಎಂದರು. "ಇಪ್ಪತ್ತೆರಡು ವರ್ಷ ಮಗುವಿನ ಹಾಗೆ ಒರೆಸಿ ಇಟ್ಟುಕೊಂಡದ್ದು. ಅದರಲ್ಲೇ ಏನೋ ಕೊರತೆ ಅಂತ ಬೆಳಗಿನಿಂದ ನಾನು ಅನ್ನ ಮುಟ್ಟಲಿಲ್ಲ. ದುಡ್ಡು ಹೋದರೆ ಹೋಗಲಿ, ನನ್ನ ರೈಫಲಿಗೆ ಯಾಕೆ ಕೆಟ್ಟ ಹೆಸರು ತಂದೆ?"

"ತಪ್ಪಾಯಿತು ಅಮ್ಮ."

"ತಪ್ಪಾಯಿತಂತೆ! ಹೊಡಿ, ನೋಡುವ. ನಿನ್ನ ಭುಜದಿಂದ ಹೊಡಿ."

ಹೊಳೆಯಾಚೆ ತೆಂಗಿನಕಾಯಿ ಬೆಳಗಿನಿಂದ ಅಲ್ಲೇ ತೂಗುತ್ತಿತ್ತು. ದೇಚಮ್ಮ ಕಲ್ಲಿನ ಮೇಲೆ ಕೂತರು. ಮೋನಪ್ಪ ರೈಫಲನ್ನು ಎಡಭುಜಕ್ಕೆ ಇಟ್ಟ, ಉಸಿರು ಹಿಡಿದ.

ಒಂದೇ ಗುಂಡು. ಕಾಯಿ ಎರಡು ಹೋಳಾಗಿ ನೀರು ಚೆಲ್ಲಿತು.

ಮೋನಪ್ಪ ರೈಫಲ್ ಇಳಿಸಿದಾಗ ಅವನ ಕಣ್ಣು ಒದ್ದೆಯಾಗಿತ್ತು. ದೇಚಮ್ಮ ಅದನ್ನು ನೋಡಿದರು. ಅವರ ಎಡಗೈಯ ಬೆರಳೊಂದು, ತಾವೇ ಕುದುರೆ ಎಳೆದವರಂತೆ, ಮಡಿಲ ಮೇಲೆ ಮಡಚಿಕೊಂಡಿತ್ತು.

ಕೋಪ ಯಾವಾಗ ಇಳಿಯಿತೋ ಅವರಿಗೂ ತಿಳಿಯಲಿಲ್ಲ.

"ಮೊದಲ ಸಲವಾ?" ಎಂದರು.

"ಹೌದಮ್ಮ."

"ನನಗೂ ಮೊದಲ ಸಲ ಹೀಗೇ ಆಗಿತ್ತು." ಎದ್ದು ಬಂದು ರೈಫಲಿನ ಬುಡವನ್ನು ಬಲಗೈಯಿಂದ ಸವರಿದರು. "ಆ ಉತ್ತಯ್ಯ ಇದನ್ನು ಗೋಡೆಗೆ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಾನೆ. ನೀನು ಹೊಡೆಯುತ್ತೀಯ. ನಿನ್ನ ಹತ್ತಿರ ಎಷ್ಟಿದೆ?"

"ಐವತ್ತೆರಡು."

"ಐವತ್ತು ಕೊಡು, ಸಾಕು. ಇಟ್ಟುಕೋ."

"ಆಪರೇಷನ್ ಅಮ್ಮ?"

"ಮುಂದಿನ ವರ್ಷ ಮಾಡಿಸಿದರಾಯಿತು. ಇಷ್ಟು ದಿನ ನೋವು ತಿಂದಿಲ್ಲವಾ? ನನ್ನ ರೈಫಲ್, ನನ್ನ ಇಷ್ಟ. ಉತ್ತಯ್ಯನಿಗೆ ನಾನೇ ಹೇಳುತ್ತೇನೆ."

ಮೋನಪ್ಪನ ಎಡಗೈ ರೈಫಲನ್ನು ಬಿಟ್ಟಿರಲಿಲ್ಲ. ದೇಚಮ್ಮ ಚೀಲವನ್ನು ಕೂಡ ಅವನ ಕಡೆಗೆ ಚಾಚಿದರು. ಚಾಚುವಾಗ ಮರೆತು ಎಡಗೈ ಎತ್ತಲು ಹೋದರು, ತುಟಿ ಕಚ್ಚಿಕೊಂಡು ಕೈ ಬದಲಾಯಿಸಿದರು.

ಮೋನಪ್ಪ ಚೀಲ ತೆಗೆದುಕೊಳ್ಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗುರುವಿನ ಕಡೆ ತಿರುಗಿದ. ಆಚಾರಿಗಳು ಬೆಂಚಿನ ಮೇಲೆ ಕೂತು ಒಂದು ತಿರುಪಿಗೆ ಅರ ಹಾಕುತ್ತಿದ್ದರು.

"ಗುರುಗಳೇ, ಅವರಾಗಿಯೇ ಮನಸಾರೆ ಕೊಡುತ್ತಿದ್ದಾರೆ. ನಾನು ಏನು ಮಾಡಲಿ?"

ಆಚಾರಿಗಳು ತಿರುಪನ್ನು ಬೆಳಕಿಗೆ ಹಿಡಿದು ನೋಡಿದರು.

"ಬೆಳಿಗ್ಗೆ ಐವತ್ತು ಅನ್ನುವಾಗ ನನ್ನನ್ನು ಕೇಳಿದ್ದೆಯೇನೋ?"