ಕೊತ್ವಾಲರ ಮೇಲ್ಮನವಿ

ಹರಿಗೆಕೋಟೆಯ ಕೊತ್ವಾಲ ಮಲ್ಲರಸನಿಗೆ ಒಂದೇ ಹೆಮ್ಮೆ. "ನಾನು ಹಿಡಿದವನು ಬಿಡುಗಡೆ ಆದದ್ದಿಲ್ಲ."

ಒಬ್ಬ ಆದ. ಕಂಬಳಿ ಮಾರುವ ಬೀರಪ್ಪ.

ಅವನ ಹೊರೆಯಲ್ಲಿ ಗಾಂಜಾ ಗಂಟು ಸಿಕ್ಕಿತೆಂದು ಕೊತ್ವಾಲನ ದೂರು. ಸಿಕ್ಕ ಮಾಲಿಗೆ ಅಲ್ಲೇ, ಊರಿನ ಇಬ್ಬರ ಎದುರು, ಅರಗಿನ ಮುದ್ರೆ ಒತ್ತಬೇಕು. ರಾಜ್ಯದ ಕಟ್ಟಳೆ ಅದು. ಮುದ್ರೆ ಇರಲಿಲ್ಲ. ಸಾಕ್ಷಿಯೂ ಇರಲಿಲ್ಲ. ಪೇಟೆಯ ನ್ಯಾಯಾಧಿಕಾರಿ ಬೀರಪ್ಪನನ್ನು ಬಿಟ್ಟುಬಿಟ್ಟ.

ಕೊತ್ವಾಲ ದೊರೆಯ ಬಳಿಗೆ ಮೇಲ್ಮನವಿ ತಂದ.

"ಮಹಾಪ್ರಭು, ಆ ತೀರ್ಪು ರದ್ದಾಗಬೇಕು. ಇವನು ಸಾಯುವ ತನಕ ಸೆರೆಮನೆಯಲ್ಲಿರಬೇಕು."

ಬೀರಪ್ಪ ಕಂಬಳಿ ಹೊರೆ ತಬ್ಬಿಕೊಂಡು ನಿಂತಿದ್ದ.

ದೊರೆ ಆಸ್ಥಾನದ ವಿದೂಷಕ ಹಂಪಣ್ಣನ ಕಡೆ ನೋಡಿದ. "ಏನಯ್ಯಾ?"

"ಕೊತ್ವಾಲರು ಹೇಳಿದ್ದೇ ಸರಿ, ಪ್ರಭು. ಮುದ್ರೆಯಂತೆ, ಸಾಕ್ಷಿಯಂತೆ! ಅರಗು ಕಾಯಿಸುತ್ತ ಕೂರೋಕೆ ಇವರೇನು ಅಕ್ಕಸಾಲಿಗರೇ?"

ಕೊತ್ವಾಲ ಮೀಸೆ ತಿರುವಿದ. "ಹಾಗೆ ಹೇಳಿ, ಹಂಪಣ್ಣನವರೇ!"

"ಕಟ್ಟಳೆಯನ್ನೇ ಬದಲಾಯಿಸೋಣ. ಗಂಟು ಯಾರ ಹತ್ತಿರ ಇದೆಯೋ ಅವನೇ ಅಪರಾಧಿ. ಮುಂದೆ ಮಾತಿಲ್ಲ. ಒಪ್ಪಿಗೆಯೇ?"

"ನೂರು ಸಲ ಒಪ್ಪಿಗೆ!"

"ಆಗಲಿ," ಅಂದ ದೊರೆ. "ಈ ಗಳಿಗೆಯಿಂದ ಅದೇ ಕಟ್ಟಳೆ."

"ಗಂಟು ಈಗ ಎಲ್ಲಿದೆ, ಕೊತ್ವಾಲರೇ?" ಹಂಪಣ್ಣ ಕೇಳಿದ.

"ನನ್ನ ಮನೆಯ ಉಗ್ರಾಣದಲ್ಲಿ. ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಇನ್ನೊಬ್ಬರು ಮುಟ್ಟಿಲ್ಲ!"

ಹಂಪಣ್ಣ ಕಾವಲಿನವರ ಕಡೆ ತಿರುಗಿದ. "ಕೇಳಿದಿರಲ್ಲ. ಹಿಡಿಯಿರಿ."

"ಯಾರನ್ನು, ಸ್ವಾಮಿ?"

"ಬೀಗದ ಕೈ ಇರುವವರನ್ನು."

ಕೊತ್ವಾಲನ ಮೀಸೆ ಇಳಿಯಿತು. "ಅಯ್ಯೋ, ಅದು ಈ ಬೀರಪ್ಪನ ಹೊರೆಯಲ್ಲಿ ಸಿಕ್ಕಿದ್ದು!"

"ಯಾರು ನೋಡಿದರು?"

"ನಾನೇ ನೋಡಿದೆ."

"ಗಂಟು ಇಟ್ಟುಕೊಂಡವರೆಲ್ಲ ಹಾಗೇ ಹೇಳುತ್ತಾರೆ."

ಕೊತ್ವಾಲ ದೊರೆಯ ಕಾಲಿಗೆ ಬಿದ್ದ. ಗಡಗಡ ನಡುಗುತ್ತಿದ್ದ. "ಅನ್ಯಾಯ, ಪ್ರಭು! ಮುದ್ರೆ ಇಲ್ಲ, ಸಾಕ್ಷಿ ಇಲ್ಲ. ಬರೀ ಒಂದು ಗಂಟು ನೋಡಿ ಮನುಷ್ಯನನ್ನು ಸೆರೆಗೆ ತಳ್ಳುವುದೇ?"

ಹಂಪಣ್ಣ ಕೈ ಮುಗಿದ. "ನ್ಯಾಯಾಧಿಕಾರಿ ಹೇಳಿದ್ದೂ ಇದನ್ನೇ, ಪ್ರಭು. ಆದರೆ ಇಷ್ಟು ಮನಮುಟ್ಟುವಂತೆ ಹೇಳೋಕೆ ಪಾಪ, ಅವನಿಗೆ ಬರಲಿಲ್ಲ."

ದೊರೆ ಬಿದ್ದು ಬಿದ್ದು ನಕ್ಕ. "ಹಳೇ ಕಟ್ಟಳೆಯೇ ಇರಲಿ. ಮೇಲ್ಮನವಿ ವಜಾ. ಇಬ್ಬರೂ ಮನೆಗೆ ಹೋಗಿ. ಬೀರಪ್ಪ, ಒಂದು ಒಳ್ಳೇ ಕಂಬಳಿ ತೆಗೆಯಪ್ಪ. ದುಡ್ಡು ನಾನು ಕೊಡುತ್ತೇನೆ. ಕೊತ್ವಾಲರಿಗೆ ಚಳಿ."

ಬೀರಪ್ಪ ಹೊರೆಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡ.

"ತೆಗೀತೀನಿ ಬುದ್ಧಿ. ಮೊದಲು ಇಬ್ಬರು ಸಾಕ್ಷಿಗಳನ್ನ ಕರೆಸಿ. ಕೊತ್ವಾಲರ ಎದುರು ಹೊರೆ ಬಿಚ್ಚಬೇಕಲ್ಲ."