ಕರಿಯವ್ವನ ಕೆಂಡ ಕಾಯೋ ಓತಿಕ್ಯಾತ

ದುಗ್ಗಿ, ಕೈಲಿರೋ ಕಲ್ಲು ಕೆಳಗಿಡು. ಈ ಹಾಳೂರಿನ ಗೋಡೆ ಮೇಲೆ ಕೂತಿದಾನಲ್ಲ ಓತಿಕ್ಯಾತ, ಅವನಿಗೆ ಹೊಡೆಯೋ ಮುಂಚೆ ಈ ಮಾವನ ಮಾತು ಒಂಚೂರು ಕೇಳು. ಆಮೇಲೂ ಹೊಡೀಬೇಕು ಅನ್ಸಿದ್ರೆ, ಇಲ್ಲಿ ಕಲ್ಲಿಗೇನೂ ಬರ ಇಲ್ಲ.

ಭೂಮಿ ಆಗಿನ್ನೂ ಹೊಸದು. ಬಂಡೆಗಳು ಸರಿಯಾಗಿ ಆರಿರ್ಲಿಲ್ಲ, ಕೂತವರು ತಕ್ಷಣ ಎದ್ದುಬಿಡ್ತಿದ್ರು. ಯಾವ ಕಡೆ ಬೀಸಬೇಕು ಅಂತ ಗಾಳಿಗೆ ಗೊತ್ತಿರ್ಲಿಲ್ಲ, ಕಂಡವರನ್ನೆಲ್ಲ ಕೇಳ್ಕೊಂಡು ಬೀಸ್ತಿತ್ತು.

ಆಗ ಈ ಗುಡ್ಡದ ಮೇಲೆ ಒಂದೂರು. ಬಂಡೆಗೆ ಬೆನ್ನು ಕೊಟ್ಟು ಕಟ್ಟಿದ ಕಲ್ಲುಮನೆಗಳು. ಒಬ್ಬರ ಮಾಳಿಗೆ ಇನ್ನೊಬ್ಬರ ಅಂಗಳ. ಮೇಲ್ಮನೆ ಮಗು ಚೆಂಡು ಬಿಟ್ರೆ ಕೆಳಗಿನ ಮನೆ ಸಾರಿಗೆ ಬೀಳೋದು.

ಎಲ್ಲಿಗೇ ಹೋದ್ರೂ ಆ ಜನ ಒಲೆ ಆರಿಸ್ತಿರ್ಲಿಲ್ಲ. ಕೆಂಡದ ಮೇಲೆ ಬೂದಿ ಮುಚ್ಚಿ ಹೋಗೋರು. ಕೆಂಡ ಇದ್ರೆ ಅದು ಮನೆ. ಕೆಂಡ ಆರಿದ್ರೆ ಬರೀ ಕಲ್ಲು.

ಒಂದು ವರ್ಷ ಗುಡ್ಡದ ಒರತೆ ಊರು ಬಿಟ್ಟು ಹೊರಟು ನಿಂತಿತು.

"ಎಲ್ಲಿಗೆ ಹೋಗ್ತೀಯವ್ವ?" ಅಂದ್ರು ಜನ.

"ಕೆಳಗೆ, ಹೊಳೆ ಹತ್ರ. ನೀವೂ ಬನ್ನಿ."

ಊರಿಗೆ ಊರೇ ಗಂಟು ಕಟ್ಟಿತು. ಆ ಗಡಿಬಿಡೀಲಿ ಒಂದೊಂದೇ ಒಲೆ ಆರಿಹೋಯ್ತು. ಉಳಿದಿದ್ದು ಮುದುಕಿ ಕರಿಯವ್ವನ ಒಲೆ ಒಂದೇ. ಅದೂ ಆರಿದ್ರೆ, ವಾಪಸ್ ಬರೋಕೆ ಮನೆ ಅನ್ನೋದೇ ಇರಲ್ಲ.

"ಕಾಗೆಪ್ಪ, ನಾವು ಬರೋವರೆಗೂ ಕೆಂಡ ನೋಡ್ಕೋತೀಯಾ?"

"ಅನ್ನ ಇಲ್ಲದ ಊರಲ್ಲಿ ನಂಗೇನು ಕೆಲ್ಸ, ಅಜ್ಜಿ?"

ಗೂಬೇನ ಕೇಳಿದ್ಲು. ಹೂಂ ಅಂದಹಾಗಾಯ್ತು. ಹತ್ರ ಹೋದ್ರೆ ಅದು ಗೊರಕೆ.

"ನಾನಿದೀನಲ್ಲ!" ಅಂದ ಓತಿಕ್ಯಾತ. ಆಗ ಅವನ ಮೈಯೆಲ್ಲ ಮಣ್ಣು ಬಣ್ಣ. ಬಾಯಿ ಮಾತ್ರ ಒಂದು ಗಳಿಗೆ ಮುಚ್ಚಿದ್ದನ್ನ ಯಾರೂ ನೋಡಿರ್ಲಿಲ್ಲ.

"ಗಾಳಿಗೆ ಮಾತ್ರ ಹೇಳ್ಬೇಡ ಕಣಪ್ಪ," ಅಂದ್ಲು ಕರಿಯವ್ವ.

"ಪ್ರಾಣ ಹೋದ್ರೂ ಹೇಳಲ್ಲ ಅಜ್ಜಿ!"

ಬೇರೆ ಯಾರೂ ಸಿಗದೆ ಅವಳು ನಂಬಿದ್ಲು.

ಕರಿಯವ್ವ ಇನ್ನೂ ಗುಡ್ಡ ಇಳೀತಿದ್ಲು. "ನಮ್ಮನೇಲಿ ಏನಿದೆ ಗೊತ್ತಾ?" ಅಂತ ಓತಿಕ್ಯಾತ ಗಾಳಿಗೆ ಹೇಳಿಯಾಗಿತ್ತು.

"ಹೌದಾ? ನೋಡೋಣ," ಅಂತ ಗಾಳಿ ಒಲೆಗೆ ಬಗ್ಗಿತು. ಬೂದಿ ಹಾರಿತು. ಕೆಂಡ ಚೆಲ್ಲಾಡಿ, ಒಂದೊಂದೇ ಕಪ್ಪಾಯ್ತು.

"ನಾನೇನೂ ಮುಟ್ಲಿಲ್ಲಪ್ಪ," ಅಂತು ಗಾಳಿ. "ಬರೀ ನೋಡಿದೆ."

ಉಳಿದಿದ್ದು ರಾಗಿಕಾಳಷ್ಟು ಒಂದು ಕಿಡಿ. ಓತಿಕ್ಯಾತ ಯೋಚನೆ ಮಾಡ್ಲಿಲ್ಲ. ಅದನ್ನ ಬಾಯಿಗೆ ಹಾಕ್ಕೊಂಡು, ಹುಟ್ಟಿದ್ಮೇಲೆ ಮೊದಲನೇ ಸಲ ಬಾಯಿ ಮುಚ್ಚಿದ.

ಕೊರಳು ಕಾದು ಕೆಂಪಾಯ್ತು. ಬಾಯಿ ಬಿಟ್ರೆ ಗಾಳಿ ಒಳಗೆ ಹೋಗುತ್ತೆ, ಕಿಡಿ ಆರುತ್ತೆ.

"ಉರಿಯುತ್ತೇನೋ?" ಅಂತ ಗಾಳಿ ಕೇಳ್ತು. ತಲೆ ಆಡಿಸ್ದ.

"ಕಿಡಿ ಇನ್ನೂ ಇದೆಯಾ?" ತಲೆ ಆಡಿಸ್ದ.

"ಕರಿಯವ್ವ ಬರ್ತಾಳಾ?" ಈ ಸಲ ಜೋರಾಗಿ ಆಡಿಸ್ದ.

ಕರಿಯವ್ವ ಬರ್ಲಿಲ್ಲ. ಹೊಳೆ ದಡದಲ್ಲೇ ಅವಳ ಕಾಲ ಮುಗೀತು. "ಮೇಲೆ ಒಬ್ಬ ಕಾಯ್ತಿದಾನೆ, ಯಾರಾದ್ರೂ ಹೋಗಿ ನೋಡ್ಕೊಂಡು ಬನ್ರೋ," ಅಂದಿದ್ಲು. ಎಲ್ಲರೂ ಹೂಂ ಅಂದ್ರು. ಬಿತ್ತನೆ ಬಂತು, ಆಮೇಲೆ ಕಳೆ ಬಂತು, ಆಮೇಲೆ ದಾರಿ ಮರೆತುಹೋಯ್ತು. ಇಲ್ಲಿ ಮಾಳಿಗೆ ಬಿತ್ತು, ಬಾಗಿಲು ಬಿತ್ತು. ಓತಿಕ್ಯಾತ ಗೋಡೆ ಬಿಟ್ಟು ಇಳೀಲಿಲ್ಲ.

ಏನಂದೆ? ಅವಳು ಬರಲ್ಲ ಅಂತ ಅವನಿಗೆ ಯಾರೂ ಹೇಳ್ಲಿಲ್ವಾ ಅಂತಾನಾ? ಇಲ್ಲ ಕಣೇ. ಎಷ್ಟೋ ಕಾಲದ ಮೇಲೆ ಈ ಹಾಳೂರು ನೋಡೋಕೆ ಬಂದೋರೆಲ್ಲ ನೋಡ್ಕೊಂಡು ಹೋದ್ರು. ಬೇಕಾದ್ರೆ ನೀನೇ ಹೇಳು. ಹೋಗು, ಹತ್ರ ಹೋಗಿ ಹೇಳು.

ಆಗಲ್ಲ ಅಲ್ವಾ? ನನ್ನ ಕೈಲೂ ಆಗ್ಲಿಲ್ಲ.

ಆ ಕಲ್ಲನ್ನ ಅಲ್ಲೇ ಸಂದೀಲಿ ಇಡು ದುಗ್ಗಿ. ಕರಿಯವ್ವನ ಗೋಡೆಯದೇ ಅದು. ಹಾಂ, ಮೆಲ್ಲಗೆ.

ನೋಡು. ಅದಕ್ಕೇ ಇವತ್ತಿಗೂ ಹಾಳುಗೋಡೆ ಮೇಲೆ ಓತಿಕ್ಯಾತ ಕೆಂಪು ಕೊರಳು ಹೊತ್ಕೊಂಡು ಕೂತಿರ್ತಾನೆ, ಬಂದೋರಿಗೆಲ್ಲ ತಲೆ ಆಡಿಸ್ತಾನೆ: ಒಲೆ ಆರಿಲ್ಲ, ಬನ್ನಿ ಒಳಗೆ ಅಂತ.